ವರ್ಟ್-ಮ್ಯಾನೇಜರ್: ಪರದೆ ಕೈಕೊಟ್ಟಾಗ ಎಷ್ಟು ನೆರವಾಗುತ್ತದೆ?

ಸಾಫ್ಟ್‌ವೇರ್‌ಗಳಿಗೆ ಬಳಕೆದಾರರ ಕೈಪಿಡಿ ಬರೆಯುವುದು ನನ್ನ ಕೆಲಸ. ಒಂದೇ ಅಪ್ಲಿಕೇಶನ್ ಉಬುಂಟುವಿನಲ್ಲಿ ಹೇಗೆ ಕಾಣುತ್ತದೆ, ಫೆಡೋರಾದಲ್ಲಿ ಹೇಗೆ, ವಿಂಡೋಸ್‌ನಲ್ಲಿ ಹೇಗೆ ಅಂತ ಸ್ಕ್ರೀನ್‌ಶಾಟ್ ತೆಗೆಯುತ್ತಾ ಕೂರಬೇಕು. ಹಾಗಾಗಿ ನನ್ನ ಲಿನಕ್ಸ್ ಡೆಸ್ಕ್‌ಟಾಪ್ ಮೇಲೆ ಸದಾ ನಾಲ್ಕೈದು ವರ್ಚುವಲ್ ಮಷೀನ್‌ಗಳು (ವಿಎಂ), ಅಂದರೆ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್ ಆಗಿ ಓಡುವ ಬೇರೆ ಕಂಪ್ಯೂಟರ್‌ಗಳು, ಇದ್ದೇ ಇರುತ್ತವೆ. ಅವನ್ನು ಮಾಡಲು, ನೋಡಿಕೊಳ್ಳಲು ನಾನು ಬಳಸುವ ಸಾಧನ ವರ್ಟ್-ಮ್ಯಾನೇಜರ್. ಸರ್ವರ್ ನೋಡಿಕೊಳ್ಳುವವರಿಗೆ ವಿಎಂನ ಪರದೆ ಹೇಗಿದ್ದರೂ ನಡೆಯುತ್ತದೆ. ಅವರು ಟರ್ಮಿನಲ್‌ನಿಂದಲೇ ಒಳಗೆ ಹೋಗಿ ಕೆಲಸ ಮುಗಿಸಿಬಿಡುತ್ತಾರೆ. ನನಗೆ ಪರದೆಯೇ ಕೆಲಸ. ಅಕ್ಷರ ಸ್ವಲ್ಪ ಮಸುಕಾದರೂ ಆ ಚಿತ್ರ ಕೈಪಿಡಿಗೆ ಆಗಿಬರುವುದಿಲ್ಲ.

ಆದ್ದರಿಂದ ಈ ವಿಮರ್ಶೆಯಲ್ಲಿ ವರ್ಟ್-ಮ್ಯಾನೇಜರ್‌ನ ಡಿಸ್ಕ್, ನೆಟ್‌ವರ್ಕ್, ಸ್ನ್ಯಾಪ್‌ಶಾಟ್ ಇತ್ಯಾದಿ ಏನೂ ಇಲ್ಲ. ಪರದೆಯದ್ದು ಮಾತ್ರ. ಅದರಲ್ಲೂ ಪರದೆ ಹಟ ಹಿಡಿದು ಕೂತಾಗ ಈ ಸಾಧನ ಎಷ್ಟು ಸಹಾಯ ಮಾಡುತ್ತದೆ, ಎಲ್ಲಿ ಕೈಬಿಡುತ್ತದೆ ಅನ್ನುವುದು.

ಮೊದಲು ಇದರ ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ. ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ವರ್ಟ್-ಮ್ಯಾನೇಜರ್ ಸ್ವತಃ ವಿಎಂ ನಡೆಸುವುದಿಲ್ಲ. ಅದು ಪೈಥಾನ್‌ನಲ್ಲಿ ಬರೆದ ಒಂದು ಮುಖ ಅಷ್ಟೇ. ಅದರ ಕೆಳಗೆ ವಿಎಂಗಳನ್ನು ಶುರು ಮಾಡಿ ನಿಲ್ಲಿಸುವ ಲಿಬ್‌ವರ್ಟ್, ಅದರ ಕೆಳಗೆ ವಿಎಂನ ಯಂತ್ರಭಾಗಗಳನ್ನು ಅನುಕರಿಸುವ ಕ್ಯೂಇಎಂಯು. ಪ್ರೊಸೆಸರ್ ಕೆಲಸಕ್ಕೆ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗಿನ ಕೆವಿಎಂ. ಕ್ಯೂಇಎಂಯು ಬರೆಯಲು ಶುರು ಮಾಡಿದವರು ಫ್ಯಾಬ್ರಿಸ್ ಬೆಲ್ಲಾರ್. ಕೆವಿಎಂ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 2007ರಲ್ಲಿ, 2.6.20 ಆವೃತ್ತಿಯಲ್ಲಿ. ಪರದೆಯನ್ನು ನಮ್ಮ ಕಿಟಕಿಗೆ ತಂದು ಕೊಡುವ ಸ್ಪೈಸ್ ಎಂಬ ಪ್ರೋಟೋಕಾಲ್ ಹುಟ್ಟಿದ್ದು ಕುಮ್ರಾನೆಟ್ ಎಂಬ ಕಂಪನಿಯಲ್ಲಿ. 2008ರಲ್ಲಿ ರೆಡ್ ಹ್ಯಾಟ್ ಆ ಕಂಪನಿಯನ್ನು ಕೊಂಡಿತು. 2009ರಲ್ಲಿ ಸ್ಪೈಸ್‌ನ ಸೋರ್ಸ್ ಕೋಡ್ ಹೊರಗೆ ಬಂತು. ಕ್ಯೂಎಕ್ಸ್‌ಎಲ್ ಎಂಬ ವಿಡಿಯೋ ಕಾರ್ಡ್ ಮಾದರಿ ಇದೇ ಸ್ಪೈಸ್‌ಗೆ ಜೋಡಿಯಾಗಿ ಮಾಡಿದ್ದು.

ಈಗ ಚಿತ್ರ ಬರುವ ದಾರಿ ನೋಡಿ. ಗೆಸ್ಟ್‌ನ, ಅಂದರೆ ವಿಎಂ ಒಳಗಿನ ಆಪರೇಟಿಂಗ್ ಸಿಸ್ಟಂನ, ಡೆಸ್ಕ್‌ಟಾಪ್ ಚಿತ್ರ ಬರೆಯುತ್ತದೆ. ಗೆಸ್ಟ್‌ನ ಡ್ರೈವರ್ ಅದನ್ನು ಕ್ಯೂಇಎಂಯು ತೋರಿಸುವ ಸುಳ್ಳು ವಿಡಿಯೋ ಕಾರ್ಡಿಗೆ ಕೊಡುತ್ತದೆ. ಅಲ್ಲಿಂದ ಸ್ಪೈಸ್ ಅಥವಾ ಅದರಂಥದ್ದೇ ಇನ್ನೊಂದು ಪ್ರೋಟೋಕಾಲ್ ಆದ ವಿಎನ್‌ಸಿ ಅದನ್ನು ಹೊತ್ತು ತರುತ್ತದೆ. ಕೊನೆಗೆ ವರ್ಟ್-ಮ್ಯಾನೇಜರ್‌ನ ಕಿಟಕಿ ಅದನ್ನು ತೋರಿಸುತ್ತದೆ. ನಾಲ್ಕು ಕೈ ದಾಟಿ ಬರುವ ಚಿತ್ರ. ಯಾವ ಕೈಯಲ್ಲಿ ಸಿಕ್ಕಿಹಾಕಿಕೊಂಡರೂ ನಮಗೆ ಕಾಣುವುದು ಅದೇ ಕಪ್ಪು ಚೌಕ. ವರ್ಟ್-ಮ್ಯಾನೇಜರ್ ಮೇಲೆ ನನ್ನ ದೊಡ್ಡ ತಕರಾರು ಇದೇ. ನಾಲ್ಕನ್ನೂ ಒಂದೇ ಕಿಟಕಿಯಲ್ಲಿ ಇಟ್ಟುಕೊಂಡಿದೆ, ಆದರೆ ಎಲ್ಲಿ ನಿಂತಿದೆ ಅಂತ ಬಾಯಿ ಬಿಡುವುದಿಲ್ಲ.

ಆದರೂ ಸುಳಿವು ಇರುತ್ತದೆ, ಓದಲು ಬರಬೇಕು. ಕಪ್ಪು ಪರದೆಯ ನಡುವೆ ಸಣ್ಣ ಅಕ್ಷರದಲ್ಲಿ 'ಗೆಸ್ಟ್ ಇನ್ನೂ ಡಿಸ್‌ಪ್ಲೇ ಶುರು ಮಾಡಿಲ್ಲ' ಎಂಬರ್ಥದ ಇಂಗ್ಲಿಷ್ ಸಾಲು ಕಂಡರೆ ಅರ್ಧ ಕೆಲಸ ಮುಗಿದ ಹಾಗೆ. ಯಾಕೆ ಗೊತ್ತಾ? ಆ ಸಾಲನ್ನು ಬರೆದದ್ದೇ ಕ್ಯೂಇಎಂಯು. ಅದು ನಿಮ್ಮ ಕಣ್ಣಿಗೆ ಬಿತ್ತು ಅಂದರೆ ಸ್ಪೈಸ್ ಸರಿಯಾಗಿದೆ, ಕಿಟಕಿಯೂ ಸರಿಯಾಗಿದೆ. ತೊಂದರೆ ಗೆಸ್ಟ್ ಕಡೆಗೆ. ಅದೇ 'ವೀಕ್ಷಕದ ಸಂಪರ್ಕ ಕಡಿದಿದೆ' ಅಂತ ವರ್ಟ್-ಮ್ಯಾನೇಜರ್ ಹೇಳಿದರೆ ಗೆಸ್ಟ್ ಒಳಗೆ ಕೈ ಹಾಕಿ ಪ್ರಯೋಜನವಿಲ್ಲ. ವರ್ ಡೈರೆಕ್ಟರಿಯಲ್ಲಿ ಲಾಗ್, ಅದರೊಳಗೆ ಲಿಬ್‌ವರ್ಟ್, ಅದರೊಳಗೆ ಕ್ಯೂಇಎಂಯು (/var/log/libvirt/qemu) ಅಂತ ಇಳಿದರೆ ಪ್ರತಿ ವಿಎಂ ಹೆಸರಿನಲ್ಲಿ ಒಂದು ಲಾಗ್ ಫೈಲ್ ಇರುತ್ತದೆ. ಅದರ ಕೊನೆಯ ಸಾಲುಗಳನ್ನು ನೋಡಿ. ಕಾರಣ ಸಾಮಾನ್ಯವಾಗಿ ಅಲ್ಲೇ ಬಿದ್ದಿರುತ್ತದೆ.

ಇನ್ನು ಯಾವ ಸಾಲೂ ಇಲ್ಲದ ಬರೀ ಕಪ್ಪು. ಇಲ್ಲಿ ವರ್ಟ್-ಮ್ಯಾನೇಜರ್‌ನ 'ಸೆಂಡ್ ಕೀ' ಮೆನು ನನಗೆ ತುಂಬ ಇಷ್ಟ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ನಮ್ಮ ಕೀಬೋರ್ಡ್‌ನಿಂದ ಒತ್ತಿದರೆ ಹೋಸ್ಟ್ (ವಿಎಂ ಓಡುತ್ತಿರುವ ನಮ್ಮ ಕಂಪ್ಯೂಟರ್) ಅದನ್ನು ತಾನೇ ನುಂಗಿಬಿಡುತ್ತದೆ. ನಾವೇ ಡೆಸ್ಕ್‌ಟಾಪ್ ಬಿಟ್ಟು ಬೇರೆ ಕನ್ಸೋಲ್‌ಗೆ ಹೋಗಿ ನಿಲ್ಲುತ್ತೇವೆ. ಮೆನುವಿನಿಂದ ಕಳಿಸಿದರೆ ಅದು ನೇರ ಗೆಸ್ಟ್‌ಗೆ ಹೋಗುತ್ತದೆ. ಕಳಿಸಿದ ಮೇಲೆ ಅಕ್ಷರಗಳ ಲಾಗಿನ್ ಪರದೆ ಬಂತು ಅಂದುಕೊಳ್ಳಿ. ಆಗ ಕರ್ನಲ್ ಬದುಕಿದೆ, ವಿಡಿಯೋ ಕಾರ್ಡ್ ಕೆಲಸ ಮಾಡುತ್ತಿದೆ. ಮುಗ್ಗರಿಸಿರುವುದು ಡೆಸ್ಕ್‌ಟಾಪ್ ಅಥವಾ ಅದರ ಲಾಗಿನ್ ಮ್ಯಾನೇಜರ್. ಅಲ್ಲಿಂದಲೇ ಒಳಗೆ ಹೋಗಿ ಜರ್ನಲ್ (ಸಿಸ್ಟಂನ ಲಾಗ್) ಓದಬಹುದು.

ಅದೂ ಬರಲಿಲ್ಲವೇ? ವಿಎಂ ಮತ್ತೆ ಶುರು ಮಾಡಿ. ಲಿನಕ್ಸ್ ಅನ್ನು ಎಬ್ಬಿಸುವ ಗ್ರಬ್ ಎಂಬ ಬೂಟ್‌ಲೋಡರ್‌ನ ಮೆನು ಬಂದಾಗ ಇಂಗ್ಲಿಷ್‌ನ ಇ ಕೀಲಿ ಒತ್ತಿ. ಲಿನಕ್ಸ್ ಎಂಬ ಪದದಿಂದ ಶುರುವಾಗುವ ಉದ್ದ ಸಾಲಿನ ತುದಿಗೆ ನೋಮೋಡ್‌ಸೆಟ್ (nomodeset) ಅಂತ ಸೇರಿಸಿ ಎಫ್10 ಒತ್ತಿ. ಈ ಬಾರಿ ಪರದೆ ಬಂದರೆ ಕಳ್ಳ ಸಿಕ್ಕಿದ ಹಾಗೆ: ಗೆಸ್ಟ್‌ನ ಗ್ರಾಫಿಕ್ಸ್ ಡ್ರೈವರ್‌ಗೂ ನೀವು ಆರಿಸಿದ ವಿಡಿಯೋ ಮಾದರಿಗೂ ಹೊಂದಾಣಿಕೆ ಆಗುತ್ತಿಲ್ಲ. ಇಷ್ಟಕ್ಕೇ ನೋಮೋಡ್‌ಸೆಟ್ ಅನ್ನು ಕಾಯಂ ಮಾಡಿ ಬಿಟ್ಟುಬಿಡಿ ಅಂತ ಸಲಹೆ ಕೊಡುವವರು ಬಹಳ ಜನ ಇದ್ದಾರೆ. ದಯವಿಟ್ಟು ಕೇಳಬೇಡಿ. ಅದು ಡ್ರೈವರನ್ನೇ ಮಲಗಿಸಿಬಿಡುತ್ತದೆ. ಆಮೇಲೆ ಫರ್ಮ್‌ವೇರ್ (ವಿಎಂ ಶುರುವಾದಾಗ ಮೊದಲು ಓಡುವ ಸಾಫ್ಟ್‌ವೇರ್) ಕೊಟ್ಟ ಒಂದೇ ರೆಸಲ್ಯೂಷನ್‌ಗೆ ಅಂಟಿಕೊಂಡು ಕೂರಬೇಕು. ಪರದೆ ಬರುವಂತೆ ಮಾಡಿ ಒಳಗೆ ಹೋಗಿ, ಕಾರಣ ಹುಡುಕಿ, ವಿಡಿಯೋ ಮಾದರಿ ಬದಲಿಸಿ, ಆಮೇಲೆ ಅದನ್ನು ತೆಗೆದುಬಿಡಿ.

ಮಾದರಿ ಬದಲಿಸುವುದು ಸುಲಭ. ವಿಎಂನ ಹಾರ್ಡ್‌ವೇರ್ ಪಟ್ಟಿಯಲ್ಲಿ ವಿಡಿಯೋ ಅಂತ ಇರುತ್ತದೆ, ಅಲ್ಲಿ ಒಂದು ಡ್ರಾಪ್‌ಡೌನ್. ವರ್ಟಿಯೋ, ಕ್ಯೂಎಕ್ಸ್‌ಎಲ್, ವಿಜಿಎ, ಬಾಕ್ಸ್ (Bochs), ಹೀಗೆ ಹೆಸರುಗಳು. ಯಾವುದು ಯಾವುದಕ್ಕೆ ಅಂತ ಒಂದು ಸಾಲಿನ ವಿವರಣೆಯೂ ಇಲ್ಲ! ಹೊಸಬರು ಏನು ಮಾಡಬೇಕು? ನನ್ನ ಉತ್ತರ ಚಿಕ್ಕದು. ಇತ್ತೀಚಿನ ಲಿನಕ್ಸ್ ಗೆಸ್ಟ್ ಆದರೆ ವರ್ಟಿಯೋ. ಏನೂ ಬರದಿದ್ದರೆ ತಾತ್ಕಾಲಿಕವಾಗಿ ವಿಜಿಎ, ಅದು ಹೇಗಿದ್ದರೂ ಒಂದು ಚಿತ್ರ ತೋರಿಸುತ್ತದೆ. ಕ್ಯೂಎಕ್ಸ್‌ಎಲ್‌ಗೆ ಹೊಸದಾಗಿ ಕೈ ಹಾಕಬೇಡಿ. ಹಳೆಯ ಬರಹಗಳೆಲ್ಲ ಅದನ್ನೇ ಹೊಗಳುತ್ತವೆ, ನಿಜ. ಒಂದು ಕಾಲಕ್ಕೆ ಅದು ಒಳ್ಳೆಯ ಆಯ್ಕೆಯೇ ಆಗಿತ್ತು. ಆದರೆ ಸ್ಪೈಸ್ ಅನ್ನು ಲೋಕಕ್ಕೆ ಕೊಟ್ಟ ರೆಡ್ ಹ್ಯಾಟೇ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ 9ನೇ ಆವೃತ್ತಿಯಲ್ಲಿ, 2022ರಲ್ಲಿ, ಸ್ಪೈಸ್ ಮತ್ತು ಕ್ಯೂಎಕ್ಸ್‌ಎಲ್ ಎರಡನ್ನೂ ಕೈಬಿಟ್ಟಿತು. ಬೇರೆ ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆ ರೂಪಗಳಲ್ಲಿ) ಅವು ಇನ್ನೂ ಇವೆ. ಸ್ಪೈಸ್ ಬಳಸಲು ನನಗೆ ಅಭ್ಯಂತರವೂ ಇಲ್ಲ. ಕ್ಯೂಎಕ್ಸ್‌ಎಲ್ ಮಾತ್ರ ಬೇಡ.

ಅದಕ್ಕೆ ಇನ್ನೊಂದು ಗಟ್ಟಿ ಕಾರಣ ಇದೆ. ಕ್ಯೂಎಕ್ಸ್‌ಎಲ್ ಹಾಕಿದ ವಿಎಂನಲ್ಲಿ ಪರದೆ 2560×1600ವರೆಗೆ ಚೆನ್ನಾಗಿ ಹೋಗುತ್ತದೆ, 4ಕೆ (3840×2160) ಮಾತ್ರ ಪಟ್ಟಿಯಲ್ಲೇ ಇರುವುದಿಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ಪಿಕ್ಸೆಲ್‌ಗೆ 4 ಬೈಟ್. 2560×1600 ಅಂದರೆ 1 ಕೋಟಿ 63 ಲಕ್ಷ 84 ಸಾವಿರ ಬೈಟ್. 16 ಎಂಬಿ ಒಳಗೆ ಸರಿಯಾಗಿ ಕೂರುತ್ತದೆ. 3840×2160 ಅಂದರೆ 3 ಕೋಟಿ 31 ಲಕ್ಷ ಬೈಟ್ ದಾಟುತ್ತದೆ, ಹೆಚ್ಚು ಕಡಿಮೆ 32 ಎಂಬಿ. ಆದರೆ ಲಿಬ್‌ವರ್ಟ್ ಕ್ಯೂಎಕ್ಸ್‌ಎಲ್‌ನ ಪರದೆಗೆ ಅಂತ ಇಡುವ ವಿಜಿಎ ಮೆಮೊರಿ ಎಷ್ಟು? 16 ಎಂಬಿ. ಸೆಟ್ಟಿಂಗ್‌ನ ಅದೇ ಸಾಲಿನಲ್ಲಿ 64 ಎಂಬಿ ಅಂತ ಇನ್ನೆರಡು ಅಂಕಿ ಇರುತ್ತವೆ. ಅವನ್ನು ನೋಡಿ ಮೆಮೊರಿ ಬೇಕಾದಷ್ಟಿದೆ ಅಂತ ಸಮಾಧಾನ ಮಾಡಿಕೊಳ್ಳುವುದು ಸಹಜ. ಲೆಕ್ಕಕ್ಕೆ ಬರುವುದು ಆ 16 ಮಾತ್ರ. ಅದನ್ನು 32768 ಕಿಲೋಬೈಟ್ ಮಾಡಿದರೆ 4ಕೆ ಬರುತ್ತದೆ.

ಎಲ್ಲಿ ಬದಲಿಸುವುದು ಅಂತೀರಾ? ಅದಕ್ಕೆ ವರ್ಟ್-ಮ್ಯಾನೇಜರ್‌ನಲ್ಲಿ ಒಂದು ಖಾನೆಯೇ ಇಲ್ಲ. ಪ್ರಿಫರೆನ್ಸಸ್‌ಗೆ ಹೋಗಿ ಎಕ್ಸ್‌ಎಂಎಲ್ (ವಿಎಂನ ಸೆಟ್ಟಿಂಗ್‌ಗಳೆಲ್ಲ ಇರುವ ಪಠ್ಯ) ತಿದ್ದುವ ಅನುಮತಿಗೆ ಟಿಕ್ ಹಾಕಬೇಕು. ಆಮೇಲೆ ವಿಡಿಯೋ ಪುಟದಲ್ಲಿ ಎಕ್ಸ್‌ಎಂಎಲ್ ಎಂಬ ಟ್ಯಾಬ್ ತೆರೆದು ಕೈಯಾರೆ ಅಂಕಿ ತಿದ್ದಬೇಕು. ನನಗೆ ಇದರಲ್ಲಿ ಎರಡು ಮನಸ್ಸು. ಟ್ಯಾಬ್ ಇರುವುದೇ ದೊಡ್ಡ ಉಪಕಾರ, ಏಕೆಂದರೆ ಅದರಿಂದ ಮಾಡಲಾಗದ ಕೆಲಸ ಇಲ್ಲವೇನೋ. ಆದರೆ ಪರದೆಯ ಮೆಮೊರಿಯಂಥ ಸರಳ ವಿಷಯಕ್ಕೂ ಅಲ್ಲಿಗೆ ಕಳಿಸುವುದು ಜಾಸ್ತಿಯಾಯಿತು, ಅಲ್ವಾ?

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಇದನ್ನು ಯಾರೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ. ಇಂಥ ಬದಲಾವಣೆ ಮಾಡಿದ ಮೇಲೆ ಗೆಸ್ಟ್ ಒಳಗಿಂದ ರೀಸ್ಟಾರ್ಟ್ ಮಾಡಿದರೆ ಏನೂ ಆಗುವುದಿಲ್ಲ. ರೀಸ್ಟಾರ್ಟ್‌ನಲ್ಲಿ ಅದೇ ಹಳೆಯ ಕ್ಯೂಇಎಂಯು ಪ್ರೋಸೆಸ್ ಮುಂದುವರಿಯುತ್ತದೆ, ಹಳೆಯ ಕಾರ್ಡ್ ಸಮೇತ. ವಿಎಂ ಪೂರ್ತಿ ಶಟ್‌ಡೌನ್ ಆಗಬೇಕು, ಆಮೇಲೆ ಶುರು ಮಾಡಬೇಕು. 'ಸೇವ್' ಮಾಡಿ ಮಲಗಿಸಿದ ವಿಎಂ ಎಬ್ಬಿಸಿದರೂ ಅಷ್ಟೇ, ಹಳೆಯ ಸೆಟ್ಟಿಂಗೇ ಎದ್ದು ಬರುತ್ತದೆ. 'ಎಲ್ಲ ಮಾದರಿಯನ್ನೂ ಹಾಕಿ ನೋಡಿದೆ, ಒಂದೂ ಸರಿಹೋಗಲಿಲ್ಲ' ಅಂತ ಗೋಳಾಡುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ವಿಎಂ ಪೂರ್ತಿ ಶಟ್‌ಡೌನ್ ಮಾಡಿದಿರಾ ಅನ್ನುವುದು.

ಪರದೆ ಬಂತು. ಆದರೆ ಕಿಟಕಿಯ ನಡುವೆ ಅಂಚೆಚೀಟಿಯಷ್ಟು ಕಾಣುತ್ತಿದೆ, ಸುತ್ತ ಕಪ್ಪು. ಕಿಟಕಿ ಎಳೆದರೆ ಗೆಸ್ಟ್ ಕದಲುವುದಿಲ್ಲ. ಇದು ಎಲ್ಲಕ್ಕಿಂತ ಸಾಮಾನ್ಯವಾದ ದೂರು. ವ್ಯೂ ಮೆನುವಿನ ಸ್ಕೇಲ್ ಡಿಸ್‌ಪ್ಲೇ ಒಳಗೆ, ಕಿಟಕಿಯ ಜೊತೆ ವಿಎಂ ಗಾತ್ರ ಬದಲಿಸು ಎಂಬ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿ. ಗ್ನೋಮ್ ಡೆಸ್ಕ್‌ಟಾಪ್ ಇರುವ ಗೆಸ್ಟ್ ಆದರೆ ಸಾಮಾನ್ಯವಾಗಿ ಇಷ್ಟೇ ಸಾಕು. ಆಯ್ಕೆಯೇ ಮಂಕಾಗಿದ್ದು ಒತ್ತಲು ಬರದಿದ್ದರೆ, ಗೆಸ್ಟ್ ಒಳಗಿಂದ ಸ್ಪೈಸ್ ಜೊತೆ ಮಾತಾಡುವ ಸ್ಪೈಸ್ ಏಜೆಂಟ್ ಕಡೆ ನೋಡಿ. ಗೆಸ್ಟ್ ಒಳಗೆ ಸ್ಪೈಸ್-ವಿಡಿಏಜೆಂಟ್ ಪ್ಯಾಕೇಜ್ ಇರಬೇಕು. ಹೊರಗೆ ಹಾರ್ಡ್‌ವೇರ್ ಪಟ್ಟಿಯಲ್ಲಿ ಸ್ಪೈಸ್ ಚಾನೆಲ್ ಎಂಬ ಸಾಲು ಇರಬೇಕು. ಏಜೆಂಟ್ ಮಾತಾಡುವುದು ಆ ಚಾನೆಲ್ ಮೂಲಕ. ಸಾಲು ಇಲ್ಲದಿದ್ದರೆ ಏಜೆಂಟ್ ಇದ್ದೂ ಇಲ್ಲದ ಹಾಗೆ.

ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವ ಗೆಸ್ಟ್‌ಗಳದ್ದು ಬೇರೆ ಕಥೆ. ಹೊಸ ಗಾತ್ರದ ಸುದ್ದಿ ಗೆಸ್ಟ್‌ನ ಕರ್ನಲ್‌ವರೆಗೆ ತಲುಪಿರುತ್ತದೆ. ಡೆಸ್ಕ್‌ಟಾಪ್ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಗೆಸ್ಟ್‌ನ ಟರ್ಮಿನಲ್‌ನಲ್ಲಿ ಎಕ್ಸ್‌ರ್ಯಾಂಡರ್ (xrandr) ಆದೇಶ ಕೊಟ್ಟು, ವರ್ಚುವಲ್-1 ಔಟ್‌ಪುಟ್ ಅನ್ನು ಆಟೋಗೆ ಹಾಕಿದರೆ ತಕ್ಷಣ ಕಿಟಕಿ ತುಂಬಿಕೊಳ್ಳುತ್ತದೆ. ನಾನು ಅದಕ್ಕೊಂದು ಕೀಬೋರ್ಡ್ ಶಾರ್ಟ್‌ಕಟ್ ಇಟ್ಟುಕೊಂಡಿದ್ದೇನೆ. ಚಂದದ ಪರಿಹಾರ ಅಂತ ಹೇಳುವುದಿಲ್ಲ, ಆದರೆ ಕೆಲಸ ಆಗುತ್ತದೆ.

ಅದೇ ವ್ಯೂ ಮೆನುವಿನಲ್ಲಿ 'ಯಾವಾಗಲೂ ಸ್ಕೇಲ್ ಮಾಡು' ಅಂತ ಇನ್ನೊಂದು ಆಯ್ಕೆ ಇದೆ. ಎರಡೂ ಒಂದೇ ಅಂತ ಅನ್ನಿಸಿದರೂ ಅಲ್ಲ. ಇದರಲ್ಲಿ ಗೆಸ್ಟ್‌ನ ರೆಸಲ್ಯೂಷನ್ ಬದಲಾಗುವುದಿಲ್ಲ, ಚಿತ್ರವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸುತ್ತದೆ. ಇಂಗ್ಲಿಷ್ ಅಕ್ಷರ ಆದರೆ ಹೇಗೋ ಓದಬಹುದು. ಕನ್ನಡದ ಒತ್ತಕ್ಷರಗಳ ಗತಿ ನೋಡಬೇಕು! 'ರಾಷ್ಟ್ರ' ಅಂತ ಬರೆದ ಮೆನುವಿನಲ್ಲಿ ಷ ಕೆಳಗಿನ ಎರಡು ಒತ್ತುಗಳೂ ಸೇರಿ ಒಂದು ಬೂದು ಚುಕ್ಕೆಯಾಗುತ್ತವೆ. ಫಾಂಟ್ ಕೆಟ್ಟಿದೆ, ಹಿಂಟಿಂಗ್ ಸರಿಯಿಲ್ಲ ಅಂತ ಗೆಸ್ಟ್ ಒಳಗೆ ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ. ಫಾಂಟ್‌ಗೆ ಏನೂ ಆಗಿಲ್ಲ, ಪಿಕ್ಸೆಲ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ ಅಷ್ಟೇ. ಸ್ಕೇಲಿಂಗ್ ಪೂರ್ತಿ ನಿಲ್ಲಿಸಿ ನೋಡಿ, ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ. ನನ್ನಂತೆ ಸ್ಕ್ರೀನ್‌ಶಾಟ್ ಬೇಕಾದವರಿಗೆ ಇನ್ನೊಂದು ಒಳ್ಳೆಯ ಸುದ್ದಿ: ವರ್ಚುವಲ್ ಮಷೀನ್ ಮೆನುವಿನಲ್ಲಿರುವ ಟೇಕ್ ಸ್ಕ್ರೀನ್‌ಶಾಟ್, ಕಿಟಕಿಯಲ್ಲಿ ಚಿತ್ರ ಎಷ್ಟೇ ಕುಗ್ಗಿದ್ದರೂ ಗೆಸ್ಟ್‌ನ ಅಸಲಿ ಪಿಕ್ಸೆಲ್‌ಗಳನ್ನೇ ಉಳಿಸಿಕೊಡುತ್ತದೆ. ಈ ಒಂದು ಗುಣಕ್ಕೆ ನಾನು ಇದರ ಬೇರೆ ಹತ್ತು ತಪ್ಪು ಮಾಫಿ ಮಾಡಿದ್ದೇನೆ.

ಮೂರು ಆಯಾಮದ ವೇಗವರ್ಧನೆಗೆ ಬರೋಣ. ಅದಿಲ್ಲದೆ ಗ್ನೋಮ್‌ನಂಥ ಡೆಸ್ಕ್‌ಟಾಪ್ ತನ್ನ ಚಿತ್ರವನ್ನೆಲ್ಲ ಪ್ರೊಸೆಸರ್ ಮೇಲೆಯೇ ಬರೆಯುತ್ತದೆ. ಕಿಟಕಿ ಎಳೆದರೆ ಹಿಂದೆ ಹಿಂದೆ ತೆವಳುತ್ತದೆ. ವರ್ಟಿಯೋದಲ್ಲಿ ಹೋಸ್ಟ್‌ನ ಗ್ರಾಫಿಕ್ಸ್ ಕಾರ್ಡನ್ನು ಹಂಚಿಕೊಳ್ಳುವ ವರ್ಜಿಲ್ ಎಂಬ ವ್ಯವಸ್ಥೆ ಇದೆ. ವಿಡಿಯೋ ಪುಟದಲ್ಲಿ 3ಡಿ ಆಕ್ಸಲರೇಷನ್‌ಗೆ ಟಿಕ್ ಹಾಕುತ್ತೀರಿ, ಶುರು ಒತ್ತುತ್ತೀರಿ, ಕೆಂಪು ಎರರ್ ಬರುತ್ತದೆ. ಯಾಕೆಂದರೆ ಇನ್ನರ್ಧ ಟಿಕ್ ಬೇರೆ ಪುಟದಲ್ಲಿದೆ. ಡಿಸ್‌ಪ್ಲೇ ಸ್ಪೈಸ್ ಎಂಬ ಪುಟಕ್ಕೆ ಹೋಗಿ ಲಿಸನ್ ಟೈಪ್ ಅನ್ನು 'ನನ್' (None) ಮಾಡಬೇಕು, ಓಪನ್‌ಜಿಎಲ್‌ಗೆ ಟಿಕ್ ಹಾಕಬೇಕು. ಒಂದು ಕೆಲಸಕ್ಕೆ ಎರಡು ಪುಟ, ಒಂದರಲ್ಲಿ ಹಾಕಿದರೆ ಇನ್ನೊಂದರಲ್ಲೂ ಹಾಕಿ ಅಂತ ಒಂದು ಎಚ್ಚರಿಕೆಯೂ ಇಲ್ಲ. ಇಲ್ಲಿ ನಾನು ಅಂಕ ಕಳೆಯುತ್ತೇನೆ, ಯಾವ ಮುಲಾಜೂ ಇಲ್ಲದೆ.

ಟಿಕ್ ಎರಡೂ ಸರಿ ಇದ್ದರೂ ಕಪ್ಪು ಪರದೆ ಬಂದರೆ ಹೋಸ್ಟ್‌ನ ಡ್ರೈವರ್ ಯಾವುದು ನೋಡಿ. ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿ ಆಧಾರದ, ಸೋರ್ಸ್ ತೆರೆದಿಟ್ಟ ಡ್ರೈವರ್‌ಗಳಲ್ಲಿ ಇದು ಸಲೀಸು. ಸೋರ್ಸ್ ಮುಚ್ಚಿಟ್ಟ ಡ್ರೈವರ್ ಇದ್ದಲ್ಲಿ ಪರದಾಟ ಜಾಸ್ತಿ. ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್ ಇದ್ದರೆ ಓಪನ್‌ಜಿಎಲ್ ಟಿಕ್ ಪಕ್ಕದಲ್ಲೇ ಯಾವ ಕಾರ್ಡ್ ಬೇಕು ಅಂತ ಆರಿಸಬಹುದು. ಪ್ರೊಸೆಸರ್ ಜೊತೆ ಬಂದ ಕಾರ್ಡನ್ನೇ ಆರಿಸಿ. ಇನ್ನೊಂದು ವಿಷಯ: ಲಿಸನ್ 'ನನ್' ಅಂದರೆ ಈ ಪರದೆ ಅದೇ ಕಂಪ್ಯೂಟರ್‌ನಲ್ಲಿ ಮಾತ್ರ. ನೆಟ್‌ವರ್ಕ್ ಮೂಲಕ ಬೇರೆ ಕಡೆಯಿಂದ ನೋಡುವವರು 3ಡಿ ಆಸೆ ಬಿಟ್ಟು, ಗೆಸ್ಟ್‌ಗೆ ಹಗುರ ಡೆಸ್ಕ್‌ಟಾಪ್ ಹಾಕಿಕೊಳ್ಳುವುದು ಮೇಲು.

ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಮೌಸ್ ಬಾಣ ಒಂದು ಕಡೆ, ಕ್ಲಿಕ್ ಇನ್ನೊಂದು ಕಡೆ ಬೀಳುತ್ತಿದ್ದರೆ ಹಾರ್ಡ್‌ವೇರ್ ಸೇರಿಸುವಲ್ಲಿ ಇನ್‌ಪುಟ್‌ಗೆ ಹೋಗಿ ಯುಎಸ್‌ಬಿ ಟ್ಯಾಬ್ಲೆಟ್ ಸೇರಿಸಿ. ಬಾಣ ಕಿಟಕಿಯೊಳಗೆ ಸಿಕ್ಕಿಬಿದ್ದರೆ ಎಡಗಡೆಯ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿ. ಕಾಪಿ ಪೇಸ್ಟ್ ಹೋಸ್ಟ್‌ಗೂ ಗೆಸ್ಟ್‌ಗೂ ನಡುವೆ ಹೋಗದಿದ್ದರೆ ಗೆಸ್ಟ್ ವೇಲ್ಯಾಂಡ್‌ನಲ್ಲಿದೆಯೇ (ಹಳೆಯ ಎಕ್ಸ್11 ಬದಲಿಗೆ ಬಂದ ಡಿಸ್‌ಪ್ಲೇ ವ್ಯವಸ್ಥೆ) ನೋಡಿ. ಸ್ಪೈಸ್ ಏಜೆಂಟ್ ಬೆಳೆದದ್ದು ಎಕ್ಸ್11 ಕಾಲದಲ್ಲಿ, ವೇಲ್ಯಾಂಡ್ ಜೊತೆ ಅದಕ್ಕೆ ಇನ್ನೂ ಪೂರ್ತಿ ಒಗ್ಗಿಲ್ಲ. ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಇರುವ ವಿಎಂನಲ್ಲಿ ಇನ್‌ಸ್ಟಾಲರ್ ಪರದೆಯೇ ಚಿಕ್ಕದಾಗಿ ಬಂದರೆ, ಶುರುವಿನಲ್ಲಿ ಎಸ್ಕೇಪ್ ಒತ್ತಿ ಫರ್ಮ್‌ವೇರ್ ಒಳಗೆ ಹೋಗಿ. ಡಿವೈಸ್ ಮ್ಯಾನೇಜರ್‌ನಲ್ಲಿ ಓವಿಎಂಎಫ್ ಹೆಸರಿನ ಪುಟದಲ್ಲಿ ರೆಸಲ್ಯೂಷನ್ ಬದಲಿಸುವ ಜಾಗ ಇದೆ.

ಬೇರೆ ಸಾಧನಗಳ ಜೊತೆ ಹೋಲಿಸಿದರೆ? ಗ್ನೋಮ್ ಬಾಕ್ಸಸ್ ಒಳಗೂ ಇದೇ ಲಿಬ್‌ವರ್ಟ್, ಇದೇ ಸ್ಪೈಸ್. ನೋಡಲು ಅಚ್ಚುಕಟ್ಟು. ಎಲ್ಲ ಸರಿ ಇರುವವರೆಗೆ ಅದರಷ್ಟು ಸುಖ ಬೇರೆ ಇಲ್ಲ. ಪರದೆ ಕೆಟ್ಟಿತೋ, ತಿರುಗಿಸಲು ಒಂದು ತಿರುಪೂ ಹೊರಗೆ ಕಾಣುವುದಿಲ್ಲ. ವರ್ಚುವಲ್‌ಬಾಕ್ಸ್‌ನಲ್ಲಿ ಕಿಟಕಿಯ ಜೊತೆ ಗೆಸ್ಟ್ ಗಾತ್ರ ಬದಲಾಗುವುದು ಸಲೀಸು, ಆದರೆ ಅದಕ್ಕೆ ಗೆಸ್ಟ್ ಒಳಗೆ ಹಾಕುವ ಗೆಸ್ಟ್ ಅಡಿಷನ್ಸ್ ಎಂಬ ಡ್ರೈವರ್‌ಗಳ ಕಟ್ಟು ಬೇಕು. ಗೆಸ್ಟ್‌ನ ಕರ್ನಲ್ ಹೊಸದಾದಾಗ ಅದರ ಮಾಡ್ಯೂಲ್‌ಗಳೂ ಹೊಸದಾಗಿ ಕಟ್ಟಿಕೊಳ್ಳಬೇಕು, ಕರ್ನಲ್ ಹೆಡರ್‌ಗಳು ಇಲ್ಲದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಗ್ರಾಫಿಕ್ಸ್ ಕಂಟ್ರೋಲರ್ ಆಯ್ಕೆಯೂ ನೋಡಿಕೊಳ್ಳಬೇಕು: ಲಿನಕ್ಸ್ ಗೆಸ್ಟ್‌ಗೆ ವಿಎಂಎಸ್‌ವಿಜಿಎ, ವಿಂಡೋಸ್‌ಗೆ ವಿಬಾಕ್ಸ್‌ಎಸ್‌ವಿಜಿಎ. ಅಲ್ಲಿ ಮೆನು ಪಟ್ಟಿಯೇ ಮಾಯವಾದರೆ ಗಾಬರಿ ಬೇಡ. ಸ್ಕೇಲ್ಡ್ ಮೋಡ್‌ಗೆ ಹೋಗಿರುತ್ತೀರಿ, ಬಲಗಡೆಯ ಕಂಟ್ರೋಲ್ ಜೊತೆ ಸಿ ಒತ್ತಿದರೆ ವಾಪಸ್ ಬರುತ್ತದೆ.

ಐದಕ್ಕೆ ವರ್ಟ್-ಮ್ಯಾನೇಜರ್‌ಗೆ ನಾನು ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಆ ಎರಡು ಪುಟದ 3ಡಿ ಟಿಕ್‌ಗೆ ಮತ್ತು ವಿವರಣೆ ಇಲ್ಲದ ವಿಡಿಯೋ ಪಟ್ಟಿಗೆ. ಲಿನಕ್ಸ್ ಗೆಸ್ಟ್‌ಗಳನ್ನು ಜಾಸ್ತಿ ಬಳಸುವವರು, ಲಾಗ್ ಓದಲು ಬೇಸರಪಡದವರು ಕಣ್ಣು ಮುಚ್ಚಿ ಹಾಕಿಕೊಳ್ಳಬಹುದು. ವರ್ಷಕ್ಕೊಮ್ಮೆ ಯಾವುದೋ ಡಿಸ್ಟ್ರೋ ಇಣುಕಿ ನೋಡುವವರಿಗೆ ಬಾಕ್ಸಸ್ ಸಾಕು.

ವಿಂಡೋಸ್ ಗೆಸ್ಟ್ ಇಟ್ಟುಕೊಳ್ಳುವವರಿಗೆ ಒಂದು ಕ್ರಮ ಹೇಳುತ್ತೇನೆ. ವಿಂಡೋಸ್‌ಗೆ ವರ್ಟಿಯೋ ಡ್ರೈವರ್ ತಾನಾಗಿ ಗೊತ್ತಿರುವುದಿಲ್ಲ. ವರ್ಟಿಯೋ-ವಿನ್ ಐಎಸ್ಒ ಇಳಿಸಿಕೊಂಡು ವಿಎಂಗೆ ಸಿಡಿ ಥರ ಸೇರಿಸಿ. ಅದರೊಳಗೆ ಗೆಸ್ಟ್ ಟೂಲ್ಸ್ ಎಂಬ ಇನ್‌ಸ್ಟಾಲರ್ ಇದೆ, ಡ್ರೈವರ್‌ಗಳನ್ನೂ ಸ್ಪೈಸ್ ಏಜೆಂಟನ್ನೂ ಒಟ್ಟಿಗೆ ಹಾಕಿಬಿಡುತ್ತದೆ. ಆಮೇಲೆ ಪೂರ್ತಿ ಶಟ್‌ಡೌನ್ ಮಾಡಿ ವಿಡಿಯೋ ಮಾದರಿಯನ್ನು ವರ್ಟಿಯೋಗೆ ಬದಲಿಸಿ. ಶುರುವಾದ ಮೇಲೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ ನೋಡಿ. ಅಲ್ಲಿ ಇನ್ನೂ ಮೈಕ್ರೋಸಾಫ್ಟ್ ಬೇಸಿಕ್ ಅಂತಲೇ ಇದ್ದರೆ ಡ್ರೈವರ್ ಕೂತಿಲ್ಲ, ಇನ್‌ಸ್ಟಾಲರ್ ಮತ್ತೊಮ್ಮೆ ಓಡಿಸಿ.